ಹಬ್‌ಗೆ ತಕ್ಕ ಗಾಲಿ: ಸಣ್ಣ ಊರಿನ ವರ್ಕ್‌ಶಾಪುಗಳ ಮುಂದಿರುವ ಪ್ರಶ್ನೆ

ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ವ್ಯಾಪಾರಸ್ಥಳವಾಗಿ ಹಿಂದಿನಿಂದಲೂ ಹೆಸರಾದ ನ್ಯಾಮತಿ, 2017ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪೈಕಿ ಒಂದು. ಅದಕ್ಕೂ ಮುನ್ನ ಅದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಮೆಕ್ಕೆಜೋಳ, ಭತ್ತ, ಅಡಿಕೆಗಳ ವಹಿವಾಟಿನ ಜೊತೆಗೆ ತಾಲ್ಲೂಕು ಕೇಂದ್ರದ ಕಚೇರಿ ಕೆಲಸಗಳೂ ಸೇರಿ ಊರಿಗೆ ಬಂದುಹೋಗುವ ವಾಹನಗಳು ಹೆಚ್ಚಿವೆ. ಪ್ರತಿ ಫೆಬ್ರುವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹಲವು ರಾಜ್ಯಗಳಿಂದ ಭಕ್ತರು ಜೀಪು, ಟೆಂಪೊ, ಕಾರುಗಳಲ್ಲಿ ಬರುತ್ತಾರೆ. ವಾಹನ ಇರುವೆಡೆ ಟೈರ್ ಅಂಗಡಿ, ವೆಲ್ಡಿಂಗ್ ಶಾಪು, ಲೇತ್ ಯಂತ್ರ ಇರಲೇಬೇಕು. ದೊಡ್ಡ ಕಾರ್ಖಾನೆಗಳಿಲ್ಲದ ಇಂತಹ ಊರುಗಳಲ್ಲಿ ಕೈಗಾರಿಕೆ ಎಂಬ ಮಾತಿಗೆ ಅರ್ಥ ತಂದುಕೊಟ್ಟಿರುವುದು ಈ ಸಣ್ಣ ವರ್ಕ್‌ಶಾಪುಗಳೇ.

ಇತ್ತೀಚಿನ ವರ್ಷಗಳಲ್ಲಿ ಇವುಗಳ ಬಾಗಿಲಿಗೆ ಹೊಸ ಬಗೆಯ ಬೇಡಿಕೆಯೊಂದು ಬಂದಿದೆ. ಕಾರಿನ ಮೂಲ ಉಕ್ಕಿನ ಗಾಲಿಗಳನ್ನು ತೆಗೆದು, ಬೇರೊಂದು ಕಾರಿಗೆ ಸೇರಿದ ಅಗಲವಾದ ಅಲಾಯ್ ಗಾಲಿಗಳನ್ನು ಹಾಕಿಸುವುದು. ಅವು ಕೂರದಿದ್ದರೆ ಹಬ್‌ಗೆ ಹೊಸ ರಂಧ್ರ ಕೊರೆಸಿ ಕೂರಿಸುವುದು. ಬೇರೆ ಊರುಗಳಿಂದ ಅಗ್ಗಕ್ಕೆ ದೊರೆಯುವ ಬಳಸಿದ ಗಾಲಿಗಳು ಈ ಬೇಡಿಕೆಯನ್ನು ಹೆಚ್ಚಿಸಿವೆ. ಮೇಲ್ನೋಟಕ್ಕೆ ಇದು ಒಂದು ಮಧ್ಯಾಹ್ನದ ಕೆಲಸ, ಕೆಲವು ಸಾವಿರ ರೂಪಾಯಿಗಳ ಸಂಪಾದನೆ. ಆದರೆ ಈ ಕೆಲಸವನ್ನು ಒಪ್ಪಿಕೊಳ್ಳಬೇಕೇ, ಬೇಡವೇ ಎಂಬುದು ಆ ಮಧ್ಯಾಹ್ನಕ್ಕೆ ಮುಗಿಯುವ ಪ್ರಶ್ನೆಯಲ್ಲ. ವರ್ಕ್‌ಶಾಪಿನ ಹೆಸರು, ಗ್ರಾಹಕನ ಜೀವ, ಕಾನೂನಿನ ಹೊಣೆ ಮೂರೂ ಅದರಲ್ಲಿ ಅಡಗಿವೆ.

ಹಳೆಯ ಕೌಶಲ, ಹೊಸ ವೇಗ

ಒಂದು ವಾಹನದ ಹಬ್ಬನ್ನು ಇನ್ನೊಂದಕ್ಕೆ ಹೊಂದಿಸುವ ವಿದ್ಯೆ ಗ್ರಾಮೀಣ ಕರ್ನಾಟಕಕ್ಕೆ ಹೊಸದಲ್ಲ. ಮರದ ಗಾಲಿಯ ಎತ್ತಿನ ಗಾಡಿಗೆ ರಬ್ಬರ್ ಟೈರು ಬಂದಾಗ, ಹಳೆಯ ಜೀಪು ಮತ್ತು ಲಾರಿಗಳ ಅಚ್ಚು, ಹಬ್ಬು, ಬೇರಿಂಗುಗಳನ್ನೇ ಗಾಡಿಗೆ ಅಳವಡಿಸಿದವರು ಸ್ಥಳೀಯ ಕಮ್ಮಾರರು ಮತ್ತು ವೆಲ್ಡರುಗಳು. ಟ್ರ್ಯಾಕ್ಟರ್ ಟ್ರೇಲರುಗಳ ದುರಸ್ತಿಯಲ್ಲಿ ಇಂದಿಗೂ ಇದೇ ಜಾಣ್ಮೆ ಕೆಲಸ ಮಾಡುತ್ತಿದೆ. ಸಿಕ್ಕ ಭಾಗದಿಂದ ಬೇಕಾದ ವಸ್ತು ಮಾಡಿಕೊಳ್ಳುವ ಈ ಗುಣವನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಆದರೆ ಎತ್ತಿನ ಗಾಡಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗುತ್ತದೆ. ಬೋಲ್ಟು ಸಡಿಲಗೊಂಡರೆ ಗಾಲಿ ಅಲುಗಾಡುವುದು ಕಣ್ಣಿಗೆ ಬೀಳುತ್ತದೆ, ಗಾಡಿ ನಿಲ್ಲುತ್ತದೆ. ಕಾರಿನ ಲೆಕ್ಕ ಬೇರೆ. 185/65 ಆರ್ 15 ಅಳತೆಯ ಟೈರಿನ ಹೊರವ್ಯಾಸ ಸುಮಾರು 62 ಸೆಂ.ಮೀ. ಒಂದು ಕಿಲೋಮೀಟರಿಗೆ ಅದು 500ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, 100 ಕಿ.ಮೀ. ಪ್ರಯಾಣದಲ್ಲಿ 50,000ಕ್ಕೂ ಹೆಚ್ಚು. ಪ್ರತಿ ಸುತ್ತಿನಲ್ಲೂ ಹಬ್ಬಿನ ಅಂಚು ಒಮ್ಮೆ ಒಂದು ಕಡೆಗೆ, ಮತ್ತೊಮ್ಮೆ ಇನ್ನೊಂದು ಕಡೆಗೆ ಬಾಗುವ ಒತ್ತಡಕ್ಕೆ ಒಳಗಾಗುತ್ತದೆ. ಲೋಹ ಇಂತಹ ಒತ್ತಡದಲ್ಲಿ ಒಮ್ಮೆಲೇ ಮುರಿಯುವುದಿಲ್ಲ. ರಂಧ್ರದ ಅಂಚಿನಲ್ಲೋ, ವೆಲ್ಡಿಂಗಿನ ಬದಿಯಲ್ಲೋ ಕೂದಲಿನಷ್ಟು ಸಣ್ಣ ಬಿರುಕು ಹುಟ್ಟಿ, ಸುತ್ತಿನಿಂದ ಸುತ್ತಿಗೆ ಬೆಳೆದು, ಒಂದು ದಿನ ಕೊನೆಗಾಣುತ್ತದೆ. ಕೆಲಸ ಮುಗಿಸಿ ಊರಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದರೆ ಈ ದೋಷ ತಿಳಿಯುವುದಿಲ್ಲ. ಮೂರು ತಿಂಗಳಿಗೋ ಮೂರು ವರ್ಷಕ್ಕೋ, ವರ್ಕ್‌ಶಾಪಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಅದು ಪ್ರಕಟವಾಗುತ್ತದೆ.

ಅಳತೆಯ ಭಾಷೆ

ಗಾಲಿಯ ಬೋಲ್ಟು ವಿನ್ಯಾಸವನ್ನು ಎರಡು ಸಂಖ್ಯೆಗಳಲ್ಲಿ ಹೇಳುವುದು ವಾಡಿಕೆ. ಮೊದಲನೆಯದು ರಂಧ್ರಗಳ ಸಂಖ್ಯೆ. ಎರಡನೆಯದು ಆ ರಂಧ್ರಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ, ಅಂದರೆ ವ್ಯಾಪಾರದಲ್ಲಿ ಎಲ್ಲರೂ ಬಳಸುವ ಪಿಸಿಡಿ. ಹಳೆಯ ಮಾರುತಿ 800 ಮತ್ತು ಓಮ್ನಿಗಳಿಗೆ 4x114.3, ಸ್ವಿಫ್ಟ್, ಐ20 ಮುಂತಾದ ಸಣ್ಣ ಕಾರುಗಳಿಗೆ 4x100, ಫೋರ್ಡ್ ಫಿಗೊ ಮತ್ತು ಎಕೊಸ್ಪೋರ್ಟ್‌ಗಳಿಗೆ 4x108, ಫೋಕ್ಸ್‌ವ್ಯಾಗನ್ ಪೋಲೊಗೆ 5x100, ಇನ್ನೋವಾಕ್ಕೆ 5x114.3, ಜಿಪ್ಸಿಗೆ 5x139.7. ನಾಲ್ಕು ರಂಧ್ರಗಳಿದ್ದರೆ ಎದುರುಬದುರು ರಂಧ್ರಗಳ ನಡುಬಿಂದುಗಳ ಅಂತರವೇ ಪಿಸಿಡಿ. ಐದು ರಂಧ್ರಗಳಿದ್ದರೆ ಎದುರು ರಂಧ್ರವೇ ಇರುವುದಿಲ್ಲವಾದ್ದರಿಂದ, ಪಕ್ಕಪಕ್ಕದ ಎರಡು ರಂಧ್ರಗಳ ನಡುಬಿಂದುಗಳ ಅಂತರವನ್ನು 1.701ರಿಂದ ಗುಣಿಸಬೇಕು. 67.2 ಮಿ.ಮೀ. ಬಂದರೆ ಅದು 114.3ರ ಗಾಲಿ. ಕಣ್ಣಂದಾಜಿನಲ್ಲಿ ಹೇಳುವ ಅಳತೆ ಇದಲ್ಲ, ವರ್ನಿಯರ್ ಬೇಕು.

ಈ ಎರಡು ಸಂಖ್ಯೆ ಹೊಂದಿದರೂ ಕೆಲಸ ಮುಗಿಯದು. ಹಬ್ಬಿನ ನಡುವಿನ ಉಬ್ಬಿಗೆ ಗಾಲಿಯ ನಡುರಂಧ್ರ ಕೂರಬೇಕು. ಐ20ರಲ್ಲಿ ಅದು 54.1 ಮಿ.ಮೀ., ಹೋಂಡಾ ಸಿಟಿಯಲ್ಲಿ 56.1, ಪೋಲೊದಲ್ಲಿ 57.1, ಫಿಗೊದಲ್ಲಿ 63.4. ಸ್ಟಡ್ಡಿನ ಮರೆ ಕೂಡ ಒಂದೇ ಅಲ್ಲ: ಮಾರುತಿ ಕಾರುಗಳದ್ದು 12 ಮಿ.ಮೀ. ಸ್ಟಡ್ಡಿಗೆ 1.25ರ ಮರೆ, ಟೊಯೊಟಾ, ಹೋಂಡಾ, ಹ್ಯುಂಡೈಗಳದ್ದು 1.5ರ ಮರೆ. ನಟ್ಟು ಕೂರುವ ಜಾಗ ಕೆಲವು ಗಾಲಿಗಳಲ್ಲಿ 60 ಡಿಗ್ರಿಯ ಶಂಕುವಿನಂತೆ ಇಳಿಜಾರಾಗಿರುತ್ತದೆ, ಹೋಂಡಾದ ಮೂಲ ಗಾಲಿಗಳಲ್ಲಿ ಗೋಲಾಕಾರವಾಗಿರುತ್ತದೆ. ಒಂದರ ನಟ್ಟನ್ನು ಇನ್ನೊಂದಕ್ಕೆ ಬಿಗಿದರೆ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಒಳಗೆ ಲೋಹಕ್ಕೆ ಲೋಹ ತಾಗುವುದು ಒಂದು ಗೆರೆಯಷ್ಟು ಮಾತ್ರ.

ಬಿಗಿತದ ಮಹತ್ವ ಇಲ್ಲಿಯೇ ಇದೆ. ಗಾಲಿಯ ಭಾರವನ್ನು ಹೊರುವುದು ಸ್ಟಡ್ಡುಗಳೇ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಸ್ಟಡ್ಡುಗಳು ಗಾಲಿಯನ್ನು ಹಬ್ಬಿಗೆ ಅದುಮಿ ಹಿಡಿಯುತ್ತವೆ. ಆ ಅದುಮಿಕೆಯಿಂದ ಹುಟ್ಟುವ ಘರ್ಷಣೆಯೇ ಗಾಲಿಯನ್ನು ಜಾರದಂತೆ ನಿಲ್ಲಿಸುತ್ತದೆ. ಅದುಮಿಕೆ ಕಡಿಮೆಯಾದ ಕೂಡಲೇ ಸ್ಟಡ್ಡು ಬಾಗತೊಡಗುತ್ತದೆ, ಮುರಿಯುತ್ತದೆ. ಎತ್ತಿನ ಗಾಡಿಗೆ ಕಡೆಗೀಲು ಹೇಗೋ ಕಾರಿನ ಗಾಲಿಗೆ ಈ ಬಿಗಿತ ಹಾಗೆ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ಅಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ ಒಂಬತ್ತರಿಂದ ಹನ್ನೊಂದು ಕಿಲೋ ತೂಗುಹಾಕಿದಷ್ಟು.

ನಾಲ್ಕರಿಂದ ಐದು: ಲೆಕ್ಕ ಏನು ಹೇಳುತ್ತದೆ?

ಹೆಚ್ಚಿನ ಬೇಡಿಕೆ ಇರುವುದು ನಾಲ್ಕು ರಂಧ್ರದ ಸಣ್ಣ ಕಾರಿಗೆ ಐದು ರಂಧ್ರದ ದೊಡ್ಡ ಗಾಲಿ ಹಾಕುವುದಕ್ಕೆ. 4x100ರ ಹಬ್ಬಿನಲ್ಲಿ 5x114.3ರ ರಂಧ್ರಗಳನ್ನು ಕೊರೆಯಬೇಕೆಂದಿಟ್ಟುಕೊಳ್ಳೋಣ. ಹಳೆಯ ರಂಧ್ರಗಳ ನಡುವೆ 90 ಡಿಗ್ರಿ, ಹೊಸ ರಂಧ್ರಗಳ ನಡುವೆ 72 ಡಿಗ್ರಿ. ಹೊಸ ವಿನ್ಯಾಸವನ್ನು ಹೇಗೆ ತಿರುಗಿಸಿ ಇಟ್ಟರೂ, ಕನಿಷ್ಠ ಒಂದು ಹೊಸ ರಂಧ್ರವಾದರೂ ಒಂದು ಹಳೆಯ ರಂಧ್ರದಿಂದ 9 ಡಿಗ್ರಿಗಿಂತ ದೂರ ಹೋಗಲಾರದು. ಆಗ ಆ ಎರಡು ರಂಧ್ರಗಳ ನಡುಬಿಂದುಗಳ ಅಂತರ ಹೆಚ್ಚೆಂದರೆ 11 ಮಿ.ಮೀ. ಸ್ಟಡ್ಡಿನ ದಪ್ಪವೇ 12 ಮಿ.ಮೀ. ಇರುವಾಗ ಎರಡು ರಂಧ್ರಗಳು ಒಂದರೊಳಗೊಂದು ಸೇರಿಹೋಗುತ್ತವೆ ಎಂದರ್ಥ. ಎಷ್ಟೇ ನುರಿತ ಕೈಯಾದರೂ ಈ ರೇಖಾಗಣಿತವನ್ನು ಮೀರಲಾರದು.

ಹಳೆಯ ರಂಧ್ರವನ್ನು ವೆಲ್ಡಿಂಗಿನಿಂದ ತುಂಬಿಸಿ ಮತ್ತೆ ಕೊರೆಯುವುದು ಆಗ ಉಳಿಯುವ ದಾರಿ. ಆದರೆ ಇಂದಿನ ಹಬ್ಬುಗಳಲ್ಲಿ ಹೆಚ್ಚಿನವು ಮಧ್ಯಮ ಇಂಗಾಲಾಂಶದ, ಕುಲುಮೆಯಲ್ಲಿ ಬಡಿದು ರೂಪಿಸಿದ ಉಕ್ಕಿನವು. ಇಂತಹ ಉಕ್ಕಿಗೆ ಮುನ್ನ ಕಾಯಿಸದೆ, ನಿಧಾನವಾಗಿ ತಣಿಸದೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದ ಲೋಹ ಗಡುಸಾಗಿ, ಗಾಜಿನಂತೆ ಬಿರುಕುಬಿಡುವ ಗುಣ ಪಡೆಯುತ್ತದೆ. ಬಿಸಿಯಿಂದ ಹಬ್ಬಿನ ಮುಖ ಸೊಟ್ಟಗಾಗುತ್ತದೆ. ಬೇರಿಂಗು ಕೂರುವ ಜಾಗವೂ ಕೆಡಬಹುದು. ಇನ್ನು ಅಂಚಿನ ಮಾತು: 114.3ರ ವೃತ್ತದ ಮೇಲೆ ಕೊರೆದ 12 ಮಿ.ಮೀ. ರಂಧ್ರದ ಹೊರತುದಿ ನಡುವಿನಿಂದ 63 ಮಿ.ಮೀ.ಗೂ ಆಚೆ ಬರುತ್ತದೆ. ಹಬ್ಬಿನ ಒಟ್ಟು ವ್ಯಾಸ 130 ಮಿ.ಮೀ. ಇದ್ದರೆ ಹೊರಗೆ ಉಳಿಯುವ ಉಕ್ಕು 2 ಮಿ.ಮೀ.ಗಿಂತ ಕಡಿಮೆ. ಅನೇಕ ಹಬ್ಬುಗಳ ಅಂಚು ಪೂರ್ಣ ವೃತ್ತವೂ ಅಲ್ಲ. ಸ್ಟಡ್ಡು ಇರುವಲ್ಲಿ ಮಾತ್ರ ಚಾಚಿಕೊಂಡಿದ್ದು, ನಡುವೆ ಲೋಹವೇ ಇರುವುದಿಲ್ಲ.

ನಾಲ್ಕರಿಂದ ನಾಲ್ಕಕ್ಕೆ ಬದಲಿಸುವಲ್ಲಿ, ಉದಾಹರಣೆಗೆ 4x100ರಿಂದ 4x108ಕ್ಕೆ, ಲೆಕ್ಕ ಅಷ್ಟು ಕಠಿಣವಲ್ಲ. ವಿನ್ಯಾಸವನ್ನು 45 ಡಿಗ್ರಿ ತಿರುಗಿಸಿದರೆ ಹಳೆಯ ಮತ್ತು ಹೊಸ ರಂಧ್ರಗಳ ನಡುಬಿಂದುಗಳ ನಡುವೆ 40 ಮಿ.ಮೀ. ಅಂತರ ದೊರೆಯುತ್ತದೆ. ಇದರಿಂದಲೇ ಕೆಲವು ವರ್ಕ್‌ಶಾಪುಗಳಿಗೆ ಧೈರ್ಯ ಬಂದಿರಬಹುದು. ಆದರೆ ಹಬ್ಬಿನ ಜೊತೆಗೆ ಬ್ರೇಕಿನ ಡಿಸ್ಕು, ಡ್ರಮ್ಮುಗಳನ್ನೂ ಕೊರೆಯಬೇಕು. ನಾಲ್ಕೂ ರಂಧ್ರಗಳು ಒಂದೇ ವೃತ್ತದ ಮೇಲೆ, ಮುಖಕ್ಕೆ ನೇರವಾಗಿ, ಸ್ಟಡ್ಡು ಒತ್ತಿ ಕೂರುವಷ್ಟೇ ಬಿಗಿಯಾಗಿ ಬರಬೇಕು. ಕೈಡ್ರಿಲ್ಲಿನಲ್ಲಿ ಅದು ಸಾಧ್ಯವಿಲ್ಲ. ಸೂಚಿಫಲಕವಿರುವ ಮಿಲ್ಲಿಂಗ್ ಯಂತ್ರ ಅಥವಾ ನಿಖರವಾದ ಜಿಗ್ ಬೇಕು. ಇಷ್ಟಾದ ಮೇಲೂ ಸ್ಟೆಪ್ನಿ ಹಳೆಯ ವಿನ್ಯಾಸದ್ದೇ ಆಗಿ ಉಳಿದಿರುತ್ತದೆ. ರಾತ್ರಿ ಹೊತ್ತು ಸವಳಂಗದ ಆಚೆ ಟೈರು ಪಂಕ್ಚರಾದಾಗ ಆ ಕುಟುಂಬಕ್ಕೆ ಅದರ ಅರಿವಾಗುತ್ತದೆ. ಮುಂದೆ ಬೇರಿಂಗು ಸವೆದು ಹೊಸ ಹಬ್ಬು ತರಬೇಕಾದಾಗ ಕಂಪನಿಯ ಭಾಗ ಹೊಂದುವುದಿಲ್ಲ. ಅದನ್ನೂ ಮತ್ತೆ ಕೊರೆಸಬೇಕು.

ಅಡಾಪ್ಟರ್ ಎಂಬ ನಡುದಾರಿ

ಹಬ್ಬನ್ನು ಮುಟ್ಟದೆ, ಹಬ್ಬು ಮತ್ತು ಗಾಲಿಯ ನಡುವೆ ಅಡಾಪ್ಟರ್ ಬಿಲ್ಲೆಯನ್ನು ಕೂರಿಸುವುದು ಇನ್ನೊಂದು ವಿಧಾನ. ಬಿಲ್ಲೆ ಹಳೆಯ ಸ್ಟಡ್ಡುಗಳಿಗೆ ಬಿಗಿಯಾಗುತ್ತದೆ, ಗಾಲಿ ಬಿಲ್ಲೆಯ ಹೊಸ ಸ್ಟಡ್ಡುಗಳಿಗೆ ಬಿಗಿಯಾಗುತ್ತದೆ. ಹಬ್ಬು ಹಾಳಾಗದೆ ಉಳಿಯುವುದು ಇದರ ಗುಣ. ಆದರೆ ಒಂದು ಬಿಗಿತದ ಜಾಗದಲ್ಲಿ ಎರಡಾಗುತ್ತವೆ. ಒಳಗಿನದು ಸಡಿಲಗೊಂಡರೆ ಗಾಲಿ ಬಿಚ್ಚದೆ ಕಾಣುವುದಿಲ್ಲ. 20 ಮಿ.ಮೀ. ಬಿಲ್ಲೆ ಹಾಕಿದರೆ ಎರಡೂ ಬದಿ ಸೇರಿ ಗಾಲಿಗಳ ನಡುವಿನ ಅಗಲ 40 ಮಿ.ಮೀ. ಹೆಚ್ಚುತ್ತದೆ. ಗಾಲಿ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲಿನ ಹೊರೆ ಹೆಚ್ಚು, ಸ್ಟೀರಿಂಗಿನ ಎಳೆತ ಹೆಚ್ಚು, ಫೆಂಡರಿಗೆ ಟೈರು ತಾಗುವ ಸಂಭವವೂ ಹೆಚ್ಚು. ಯಾವ ಲೋಹದ್ದು, ಯಾರು ಪರೀಕ್ಷಿಸಿದ್ದು ಎಂಬ ಗುರುತಿಲ್ಲದ ಬಿಲ್ಲೆಗಳು ಅಂಚೆಯಲ್ಲಿ ಮನೆಬಾಗಿಲಿಗೆ ಬರುವ ಕಾಲವಿದು. ಅವುಗಳನ್ನು ಕೂರಿಸಿಕೊಡುವವನೇ ಕೊನೆಗೆ ಅವುಗಳಿಗೆ ಉತ್ತರದಾಯಿ.

ಕಾನೂನಿನ ನಿಲುವು

ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ, ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಭಾಗ ಅಳವಡಿಸಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಸುರಕ್ಷತೆಗೆ ಅತ್ಯಗತ್ಯವೆಂದು ಸರ್ಕಾರ ಗುರುತಿಸಿದ ಭಾಗಗಳನ್ನು ನಿಯಮಕ್ಕೆ ವಿರುದ್ಧವಾಗಿ ಮಾರುವವರಿಗೆ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡವಿದೆ. ನೋಂದಣಿ ಪತ್ರದಲ್ಲಿ ಬೋಲ್ಟು ವಿನ್ಯಾಸದ ಕಲಮು ಇಲ್ಲ. ಆದ್ದರಿಂದ ತೊಂದರೆಯಿಲ್ಲ ಎಂಬ ವಾದ ಕೇಳಿಬರುತ್ತದೆ. ತಪಾಸಣೆಯ ವೇಳೆ ಆ ವಾದ ನಡೆದರೂ ನಡೆಯಬಹುದು. ಅಪಘಾತವಾದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರದ ಸಂದರ್ಭದಲ್ಲಿ ತಕರಾರಿಗೆ ಎಡೆಮಾಡುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ವಸ್ತುವಿನ ದೋಷದ ಹೊಣೆಯನ್ನು ತಯಾರಕ ಮತ್ತು ಮಾರಾಟಗಾರರ ಜೊತೆಗೆ ದುರಸ್ತಿ ಸೇವೆ ನೀಡಿದವರ ಮೇಲೂ ಹೊರಿಸಿದೆ. ಗ್ರಾಹಕನೇ ಕೇಳಿ ಮಾಡಿಸಿಕೊಂಡ ಎಂಬ ಉತ್ತರ ಇನ್ನು ಸಾಲದು.

ವರ್ಕ್‌ಶಾಪಿನವರ ಮಾತಿನಲ್ಲೂ ನ್ಯಾಯವಿದೆ

ಈ ಕೆಲಸ ಮಾಡುವವರನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಅವರ ಕಷ್ಟವೂ ನಿಜವೇ. ನ್ಯಾಮತಿಯಲ್ಲಿ ಆಗದು ಎಂದರೆ ಗ್ರಾಹಕ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ಮಾಡಿಸಿಕೊಳ್ಳುತ್ತಾನೆ. ಕೆಲಸವೂ ಹೋಯಿತು, ಗ್ರಾಹಕನೂ ಹೋದ. ಕಂಪನಿಯ ಸರ್ವಿಸ್ ಕೇಂದ್ರಗಳು ಬಂದ ಮೇಲೆ ಸ್ವತಂತ್ರ ಗ್ಯಾರೇಜುಗಳ ನಿತ್ಯದ ಸಂಪಾದನೆ ಕುಗ್ಗಿದೆ. ತಯಾರಿಕೆ ನಿಂತುಹೋದ ಕಾರುಗಳಿಗೆ ಮೂಲ ಗಾಲಿ ದೊರೆಯದೆ, ನಿಜವಾದ ಅಗತ್ಯದಿಂದಲೇ ಬರುವ ಗ್ರಾಹಕರೂ ಇದ್ದಾರೆ.

ಈ ಮಾತುಗಳಿಗೆ ಉತ್ತರ ಬೇಕು. ನಿಜವಾದ ಅಗತ್ಯವಿರುವಲ್ಲಿ, ರಂಧ್ರ ಕೊರೆಯುವ ಬದಲು ಅದೇ ಹಬ್‌ಗೆ ಹೊಂದುವ ಗಾಲಿಯನ್ನು ಹುಡುಕಿಕೊಡುವುದೇ ವ್ಯಾಪಾರವಾಗಬಹುದು. ಒಂದೇ ಪಿಸಿಡಿಯ ಗಾಲಿಗಳು ಹಲವು ಕಂಪನಿಗಳ ಕಾರುಗಳಲ್ಲಿವೆ. 4x100 ಒಂದರಲ್ಲೇ ಆಯ್ಕೆಗೆ ಕೊರತೆಯಿಲ್ಲ. ನಡುರಂಧ್ರ ದೊಡ್ಡದಾದರೆ ಅಳತೆಯ ಉಂಗುರ ಹಾಕಿ ಹೊಂದಿಸಬಹುದು; ಅದು ಹಬ್ಬಿನ ಬಲವನ್ನು ಕುಗ್ಗಿಸುವುದಿಲ್ಲ. ಯಾವ ಕಾರಿಗೆ ಯಾವ ಗಾಲಿ ಎಂಬ ತಿಳಿವಳಿಕೆಯೇ ಇಲ್ಲಿ ಬಂಡವಾಳ. ಅದನ್ನು ಬಲ್ಲ ಅಂಗಡಿಗೆ ಶಿವಮೊಗ್ಗದ ಗ್ರಾಹಕನೂ ನ್ಯಾಮತಿಗೆ ಬಂದಾನು. ಎತ್ತಿನ ಗಾಡಿಯಂತಹ ನಿಧಾನಗತಿಯ ಕೃಷಿ ಸಾಧನಗಳ ಹಬ್ಬಿನ ಕೆಲಸ ಎಂದಿನಂತೆ ನಡೆಯಲಿ. ಕಾರಿನ ಹಬ್‌ಗೆ ಹೊಸ ರಂಧ್ರ ಕೊರೆಯುವುದು ಮಾತ್ರ ಬೇಡ ಎಂಬ ಗೆರೆಯನ್ನು ವರ್ಕ್‌ಶಾಪುಗಳು ತಾವೇ ಎಳೆದುಕೊಳ್ಳಬೇಕು. ಎಲ್ಲರೂ ಒಟ್ಟಾಗಿ ಎಳೆದರೆ ಒಬ್ಬನ ಗ್ರಾಹಕ ಇನ್ನೊಬ್ಬನ ಬಾಗಿಲಿಗೆ ಹೋಗುವ ಭಯವೂ ಉಳಿಯದು. ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಆದ್ದರಿಂದಲೇ ವಾಣಿಜ್ಯ ಸಂಸ್ಥೆಗಳ ಪಾತ್ರ ಇಲ್ಲಿ ಮುಖ್ಯವಾಗುತ್ತದೆ.

ಆಗಬೇಕಾದುದೇನು?

ಮೊದಲನೆಯದಾಗಿ, ಗಾಲಿ ಮಾರುವ ಪ್ರತಿ ಅಂಗಡಿಯ ಬಿಲ್ಲಿನಲ್ಲಿ ಐದು ವಿವರಗಳು ಇರಬೇಕು: ರಂಧ್ರಗಳ ಸಂಖ್ಯೆ ಮತ್ತು ಪಿಸಿಡಿ, ನಡುರಂಧ್ರದ ಅಳತೆ, ಆಫ್‌ಸೆಟ್, ಸ್ಟಡ್ಡಿನ ಮರೆ ಹಾಗೂ ನಟ್ಟು ಕೂರುವ ಆಕಾರ, ಬಿಗಿದ ಬಿಗಿತ. ಇದಕ್ಕೆ ಖರ್ಚಿಲ್ಲ, ಒಂದು ಸಾಲು ಬರೆದರೆ ಸಾಕು. ಆ ಸಾಲು ಗ್ರಾಹಕನಿಗೆ ಭರವಸೆ, ಅಂಗಡಿಯವನಿಗೆ ರಕ್ಷಣೆ. ಗಾಲಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತಿದೆಯೇ ಎಂಬುದನ್ನೂ ನೋಡಿಯೇ ಮಾರಬೇಕು.

ಎರಡನೆಯದಾಗಿ, ಪ್ರತಿ ಟೈರ್ ಅಂಗಡಿಯಲ್ಲಿ ಟಾರ್ಕ್ ರೆಂಚ್ ಇರಬೇಕು. ಗಾಳಿಯಂತ್ರದ ಗನ್ನಿನಿಂದ ಬಿಗಿದು ಬಿಡುವುದು ಬಿಗಿತವಲ್ಲ. ಅದು ಸ್ಟಡ್ಡನ್ನು ಎಳೆದು ಸಡಿಲಗೊಳಿಸುವುದೂ ಉಂಟು. ಗಾಲಿ ಬದಲಿಸಿದ 50ರಿಂದ 100 ಕಿ.ಮೀ. ಓಟದ ನಂತರ ಮತ್ತೊಮ್ಮೆ ಬಿಗಿತ ನೋಡಿಸಿಕೊಳ್ಳಬೇಕೆಂದು ಗ್ರಾಹಕನಿಗೆ ಹೇಳಿ ಕಳುಹಿಸುವುದು ಸೇವೆಯ ಭಾಗವಾಗಬೇಕು.

ಮೂರನೆಯದಾಗಿ, ತಾಲ್ಲೂಕು ಮಟ್ಟದಲ್ಲಿ ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿಗಳನ್ನು ವಾಣಿಜ್ಯ ಸಂಸ್ಥೆಗಳು ಐ.ಟಿ.ಐ.ಗಳ ಮತ್ತು ಸರ್ಕಾರಿ ಉಪಕರಣಾಗಾರ ಹಾಗೂ ತರಬೇತಿ ಕೇಂದ್ರದ ನೆರವಿನಿಂದ ನಡೆಸಬಹುದು. ವರ್ನಿಯರ್ ಹಿಡಿದು ಪಿಸಿಡಿ ಅಳೆಯುವುದು, ಡಯಲ್ ಗೇಜಿನಿಂದ ಹಬ್ಬಿನ ಓರೆ ನೋಡುವುದು, ಬಿರುಕು ಗುರುತಿಸುವುದು ಒಂದು ದಿನದಲ್ಲಿ ಕಲಿಯಬಹುದಾದ ವಿದ್ಯೆಗಳೇ.

ಇಂದಿನ ದಾವಣಗೆರೆ ಜಿಲ್ಲೆಯಲ್ಲಿರುವ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತನ್ನ ಲೇತ್ ಯಂತ್ರಗಳಿಂದ ದೇಶದಾದ್ಯಂತ ಹೆಸರು ಪಡೆದಿತ್ತು. ಕಾರ್ಖಾನೆ ಮುಚ್ಚಿಹೋಗಿದೆ, ಅದರ ಯಂತ್ರಗಳ ಮುಂದೆ ನಿಂತು ಕೆಲಸ ಕಲಿತವರಿಗೆ ಗೊತ್ತಿದ್ದ ಪಾಠವೊಂದು ಉಳಿದಿದೆ. ಲೋಹವನ್ನು ಕೊರೆಯುವ ಮೊದಲು ಅಳೆಯಬೇಕು. ಅಳತೆ ಬೇಡವೆಂದರೆ ಕೊರೆಯಬಾರದು. ಆಗದ ಕೆಲಸವನ್ನು ಆಗದೆಂದು, ಕಾರಣ ಸಹಿತ ಹೇಳಬಲ್ಲ ವರ್ಕ್‌ಶಾಪಿಗೆ ಒಂದು ದಿನದ ಸಂಪಾದನೆ ತಪ್ಪಬಹುದು. ಆದರೆ ಆ ಕಾರಣವನ್ನು ಕೇಳಿಸಿಕೊಂಡು ಹೋದ ಗ್ರಾಹಕ, ತನ್ನ ಮನೆಮಂದಿಯನ್ನು ಕೂರಿಸಿಕೊಂಡು ದೂರದ ಊರಿಗೆ ಹೊರಡುವ ಮುನ್ನ ವಾಹನ ತೋರಿಸಲು ಬರುವುದು ಅದೇ ಬಾಗಿಲಿಗೆ.